ಪ್ರಿಯ ಪೋಷಕರೇ

ಮೂಡುಬಿದಿರೆ
10 ನವೆಂಬರ್ 2024

ಕಾಂತಿ ಟೀಚರಿಗೆ ಜಿನೇಶನ ನಮಸ್ಕಾರ.

ಕಂಪ್ಯೂಟರ್ ಕಲಿಸುವ ಮಾಸ್ಟ್ರು ಅಂಚೆ ಲಕೋಟೆ ಕೇಳಿದ್ದಕ್ಕೆ ಪೋಸ್ಟ್ ಆಫೀಸಿನವರು ನನ್ನ ಮುಖವನ್ನೇ ನೋಡಿದರು. ನಿಮ್ಮ ನಿಯಮ ಅವರಿಗೆ ಹೇಗೆ ಗೊತ್ತಿರಬೇಕು? ಅಬ್ದುಲ್ ರವೂಫರು ತಮ್ಮ ಶಾಲೆಯ ಅಂಕಪಟ್ಟಿ ಅಳಿಸಿಹೋದ ಕಥೆಯನ್ನು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಾಕಿ, ಅದು ಅವರ ಆಡಳಿತ ಮಂಡಳಿಗೆ ತಲುಪಿ ಮೆಮೊ ಬಂದ ಮೇಲೆ ನೀವೇ ಹೇಳಿದ್ದಿರಿ: "ತಪ್ಪಿನ ಮಾತು ಬಾಯಲ್ಲಿ ಹೇಳುವ, ಇಲ್ಲದಿದ್ದರೆ ಕಾಗದದಲ್ಲಿ ಬರೆಯುವ. ಫೋನಿನಲ್ಲಿ ಮಾತ್ರ ಬೇಡ." ಇದು ತಪ್ಪಿನ ಮಾತು, ಆದ್ದರಿಂದ ಕಾಗದ.

ನಿನ್ನೆ ಎರಡನೇ ಶನಿವಾರ. ನಾವು ಕಂಪ್ಯೂಟರ್ ಕಲಿಸುವವರೆಲ್ಲ ಪುಂಜಾಲಕಟ್ಟೆಯ ಹೋಟೆಲಿನ ಮಾಳಿಗೆಯಲ್ಲಿ ಎಂದಿನಂತೆ ಸೇರಿದೆವು. ಬಂಟ್ವಾಳದವರಿಗೂ ಬೆಳ್ತಂಗಡಿಯವರಿಗೂ ಸಮ ದೂರ ಎಂದು ನೀವು ಆರಿಸಿದ ಜಾಗ, ಮೂಡುಬಿದಿರೆಯವನಾದ ನನಗೆ ಮಾತ್ರ ಎರಡು ಬಸ್ಸು. ನಿಮ್ಮ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಯಾರೂ ಹಾಗೆ ಹೇಳಿಕೊಂಡಿರಲಿಲ್ಲ, ಆದರೂ ಕೂರಲಿಲ್ಲ.

ವಿಷಯಕ್ಕೆ ಬರುತ್ತೇನೆ. ನಿಮ್ಮ ತರುಣ್ ದಸರಾ ರಜೆಯಲ್ಲಿ ಡೆಂಗಿ ಜ್ವರದಲ್ಲಿ ಹೋದ. ರಜೆ ಮುಗಿದು ನಮ್ಮ ಶಾಲೆ ತೆರೆದ ದಿನ ಹಾಜರಿ ಮುಗಿಸಿ ಮಕ್ಕಳನ್ನೆಲ್ಲ ಅಂಗಳಕ್ಕೆ ಕರೆದು ಅವನಿಗಾಗಿ ಮೌನ ಪ್ರಾರ್ಥನೆ ಮಾಡಿಸಿದೆವು. ನಾನೂ ಕಣ್ಣು ಮುಚ್ಚಿ ನಿಂತಿದ್ದೆ. ಅದೇ ಹೊತ್ತಿಗೆ ಒಳಗೆ ನನ್ನ ಕಂಪ್ಯೂಟರ್ ನಿಮಗೆ ಸಂದೇಶ ಕಳಿಸುತ್ತಿತ್ತು: "ಪ್ರಿಯ ಪೋಷಕರೇ, ನಿಮ್ಮ ಮಗ ತರುಣ್ ಇಂದು ಶಾಲೆಗೆ ಗೈರುಹಾಜರಾಗಿದ್ದಾನೆ. ಕಾರಣ ತಿಳಿಸಿ."

ಎಂಟನೇ ತರಗತಿಯ ಚಿತ್ರಾ ಟೀಚರ್ ಹಾಜರಿಯಲ್ಲಿ ಅವನ ಹೆಸರಿನ ಎದುರು ಏನು ಹಾಕುವುದೆಂದು ತಿಳಿಯದೆ ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟರೆ ಗೈರು ಎಂದು ಎಣಿಸುವ ಹಾಗೆ ಅದನ್ನು ಹೊಂದಿಸಿದವನು ನಾನು. ಟಿ.ಸಿ. ಕೊಡದೆ ಹೆಸರು ತೆಗೆಯಲು ಬರುವುದಿಲ್ಲ, ಟಿ.ಸಿ.ಗೆ ಪೋಷಕರ ಅರ್ಜಿ ಬೇಕು. ನಿಮ್ಮಲ್ಲಿಗೆ ಬಂದು ಅರ್ಜಿ ಕೇಳುವ ಧೈರ್ಯ ನಮ್ಮ ಹೆಡ್‌ಮಾಸ್ಟ್ರಿಗೂ ಇರಲಿಲ್ಲ. ಹೀಗೆ ಪ್ರತಿದಿನ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಅದು ನಿಮಗೂ ಬಹರೈನಿನಲ್ಲಿರುವ ಭೋಜಣ್ಣನಿಗೂ ಹೋಗುತ್ತಲೇ ಇತ್ತು. ನನ್ನ ಕಣ್ಣಿಗೆ ಬಿದ್ದದ್ದು ಈ ಬುಧವಾರ. ಕೂಡಲೇ ನಿಮ್ಮಿಬ್ಬರ ಸಂಖ್ಯೆಗಳನ್ನೂ ಅಳಿಸಿದೆ. ಇನ್ನು ಬರುವುದಿಲ್ಲ.

ನನ್ನನ್ನು ಕ್ಷಮಿಸಿ ಎಂದು ಕೇಳುವುದಕ್ಕೂ ನಾಚಿಕೆಯಾಗುತ್ತದೆ. ಒಂದೇ ಪ್ರಶ್ನೆ. ಕೆಲಸದಲ್ಲಾದ ತಪ್ಪನ್ನು ಎಲ್ಲರೆದುರು ಹೇಳುವ ಸರದಿ ಡಿಸೆಂಬರಿನ ಕೂಟದಲ್ಲಿ ನನ್ನದು. ಇದನ್ನೇ ಹೇಳಲೇ? ನಮ್ಮಲ್ಲಿ ಮುಕ್ಕಾಲು ಜನರ ಶಾಲೆಗಳಲ್ಲಿ ಇರುವುದು ಇದೇ ವ್ಯವಸ್ಥೆ. ನೀವು ಬೇಡವೆಂದರೆ ಹೇಳುವುದಿಲ್ಲ.

ಇಂತು,
ಜಿನೇಶ್


ವಾಮದಪದವು
24 ನವೆಂಬರ್ 2024

ಜಿನೇಶ್ ಮಾಸ್ಟ್ರೇ,

ನಿಮ್ಮ ಕಾಗದ ಸಿಕ್ಕಿತು.

ಹೇಳಬೇಡಿ. ಕೂಟದಲ್ಲಿ ಬೇಡ. ಅವರೆಲ್ಲ ನನ್ನ ಮಗನ ಬಗ್ಗೆ ಕೇಳಿ ತಲೆ ತಗ್ಗಿಸುವುದನ್ನು ನಾನು ಇಲ್ಲಿಂದಲೇ ನೋಡಬಲ್ಲೆ. ಆಮೇಲೆ ತಟ್ಟೆಯಲ್ಲಿರುವ ಬನ್ಸ್ ತಣ್ಣಗಾಗುತ್ತದೆ ಎಂದು ಯಾರಾದರೂ ಹೇಳುತ್ತಾರೆ.

ತಪ್ಪು ನಿಮ್ಮದಲ್ಲ ಎಂದು ಬರೆಯುವ ಶಕ್ತಿ ನನಗಿಲ್ಲ. ನಿಮ್ಮದು ಎಂದು ಬರೆಯುವ ಶಕ್ತಿಯೂ ಇಲ್ಲ. ಸಂದೇಶ ಬರುತ್ತಿದ್ದುದು ನಿಜ. ನಾನು ಯಾರಿಗೂ ಹೇಳಿರಲಿಲ್ಲ. ನೀವು ನಿಲ್ಲಿಸಿದ್ದೂ ಗೊತ್ತಾಯಿತು, ಯಾಕೆಂದರೆ ಗುರುವಾರ ಬರಲಿಲ್ಲ.

ನಾನು ಶಾಲೆಗೆ ಹೋಗುತ್ತಿದ್ದೇನೆ. ಪಾಠ ಮಾಡುತ್ತೇನೆ. ಕರೆಂಟು ಹೋಗಿ ಯು.ಪಿ.ಎಸ್. ಕೂಗಿದರೆ ಗುಂಡಿ ಒತ್ತುತ್ತೇನೆ. ಅಳು ಬರುವುದಿಲ್ಲ. ಹಸಿವು ಹೊತ್ತಿಗೆ ಸರಿಯಾಗಿ ಬರುತ್ತದೆ, ಅದಕ್ಕೆ ಮಾತ್ರ ನಾಚಿಕೆ ಇಲ್ಲ. ಎಲ್ಲರೂ "ಗಟ್ಟಿ ಇದ್ದೀರಿ ಟೀಚರ್" ಎನ್ನುತ್ತಾರೆ. ಗಟ್ಟಿ ಅಲ್ಲ, ಹಲ್ಲು ಕೀಳುವಾಗ ಮರಗಟ್ಟಿಸುತ್ತಾರಲ್ಲ, ಅದು.

ಗುಂಪಿನಿಂದ ನಾನು ಹೊರಗೆ ಬಂದದ್ದು ಯಾರ ಮೇಲಿನ ಸಿಟ್ಟಿಗೂ ಅಲ್ಲ. ನನ್ನ ಕುರ್ಚಿಯಲ್ಲಿ ಯಾರಾದರೂ ಕೂರಲಿ.

ಕಾಂತಿ


ಮೂಡುಬಿದಿರೆ
15 ಡಿಸೆಂಬರ್ 2024

ಕಾಂತಿ ಟೀಚರಿಗೆ,

ನಿಮ್ಮ ಮಾತಿನಂತೆ ನಡೆದುಕೊಂಡೆ. ನಿನ್ನೆ ನನ್ನ ಸರದಿಯಲ್ಲಿ ಪ್ರೊಜೆಕ್ಟರಿನೊಳಗೆ ಹಲ್ಲಿ ಸತ್ತ ಕಥೆ ಹೇಳಿದೆ. ಎಲ್ಲರೂ ನಕ್ಕರು.

ಕೂಟ ಮೊದಲಿನ ಹಾಗಿಲ್ಲ ಟೀಚರ್. ತಪ್ಪು ಹೇಳುವವರಿಗೆ "ಯಾಕೆ" ಎಂದು ಕೇಳಬಾರದು, "ಮತ್ತೆ ಎಂತಾಯ್ತು" ಎಂದು ಮಾತ್ರ ಕೇಳಬೇಕು ಎಂಬ ನಿಮ್ಮ ಪದ್ಧತಿ ಹೊಸಬರಿಗೆ ಗೊತ್ತಿಲ್ಲ. ಫಾಯಿಝಾ ಟೀಚರ್ ತಮ್ಮ ಶಾಲೆಯ ಪ್ರಶ್ನೆಪತ್ರಿಕೆ ಕಳೆದುಹೋದ ಸಂಗತಿ ಹೇಳುತ್ತಿದ್ದರು. ಯಾರೋ ನಡುವೆ "ಬ್ಯಾಕಪ್ ಯಾಕೆ ಇಡ್ಲಿಲ್ಲ?" ಎಂದುಬಿಟ್ಟರು. ಫಾಯಿಝಾ ಅಲ್ಲಿಗೇ ನಿಲ್ಲಿಸಿ ಚಾ ಕುಡಿದರು. ನೀವಿದ್ದರೆ ಕಣ್ಣಲ್ಲೇ ಗದರುತ್ತಿದ್ದಿರಿ. ಇನ್ನೊಬ್ಬರಿಗೆ ನಮ್ಮದನ್ನು ಸಂಘ ಮಾಡಬೇಕಂತೆ, ಅಧ್ಯಕ್ಷರು, ಬ್ಯಾನರು, ಉದ್ಘಾಟನೆಗೆ ಗಣ್ಯರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಬಂದದ್ದೇ ಏಳು ಜನ.

ನಾವು ಸುರು ಮಾಡುವಾಗ ನೀವು ಹೇಳಿದ ಮಾತು ನೆನಪಾಗುತ್ತದೆ. ಗಣಿತದವರಿಗೆ ಮಾತಾಡಲು ಗಣಿತದವರಿದ್ದಾರೆ, ಕನ್ನಡದವರಿಗೆ ಕನ್ನಡದವರಿದ್ದಾರೆ, ಶಾಲೆಗೊಬ್ಬರೇ ಇರುವ ನಮಗೆ ಪ್ರಿಂಟರ್ ಒಂದೇ ಗತಿ ಎಂದಿದ್ದಿರಿ.

ಪ್ರಿಂಟರ್ ಎಂದಾಗ ಒಂದು ವಿಷಯ. ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಮ್ಮ ಲ್ಯಾಬಿನ ಪ್ರಿಂಟರಿಗೆ ತರುಣ್ "ಕೋಣ" ಎಂದು ಹೆಸರಿಟ್ಟಿದ್ದ, ಎಬ್ಬಿಸಿ ಅಟ್ಟಿದರೆ ಮಾತ್ರ ಓಡುತ್ತದೆ ಎಂದು. ನೆಟ್‌ವರ್ಕಿನಲ್ಲಿ ಈಗಲೂ ಅದರ ಹೆಸರು ಕೋಣ. ಮಕ್ಕಳು "ಸರ್, ಕೋಣಕ್ಕೆ ಕಳಿಸಿದ್ದೇನೆ" ಎನ್ನುತ್ತಾರೆ. ಅದನ್ನು ನಾನು ಬದಲಿಸುವುದಿಲ್ಲ.

ಇಂತು,
ಜಿನೇಶ್


ವಾಮದಪದವು
16 ಫೆಬ್ರವರಿ 2025

ಜಿನೇಶ್ ಮಾಸ್ಟ್ರೇ,

ಉತ್ತರ ತಡವಾಯಿತು. ಕಾರಣವೇನೂ ಇಲ್ಲ.

ಕೋಣದ ವಿಷಯ ನನಗೆ ಗೊತ್ತಿರಲಿಲ್ಲ. ಅವನು ಮನೆಯಲ್ಲಿ ಹೇಳಿರಲಿಲ್ಲ. ಅವನ ಒಂದು ಹೊಸ ಸಂಗತಿ ತಿಳಿಯಿತು ಎಂದು ಆ ದಿನ ಅನಿಸಿತು.

ಒಂದು ಮಾತನ್ನು ಹೋದ ಕಾಗದದಲ್ಲಿ ಬರೆದಿರಲಿಲ್ಲ. ನಿಮಗೆ ನೋವಾದರೂ ಬರೆಯುತ್ತೇನೆ.

ಮಗ ಹೋದಾಗ ಬಂದ ಭೋಜರು ಹದಿನೈದು ದಿನ ಇದ್ದು ಬಹರೈನಿಗೆ ವಾಪಸಾದರು. ಗೋದಾಮಿನ ಕೆಲಸ, ಹೆಚ್ಚು ರಜೆ ಸಿಗುವುದಿಲ್ಲ. ಇಲ್ಲಿದ್ದಾಗ ನಾವಿಬ್ಬರೂ ಮಾತಾಡಿದ್ದು ಕಮ್ಮಿ. ಬಂದವರಿಗೆ ಕುರ್ಚಿ ಹಾಕುವುದು, ಚಾ ಕೊಡುವುದು, ಇಷ್ಟೇ. ಅವರು ಅತ್ತ ಹೋದ ಮೇಲೆ ಶಾಲೆ ಸುರುವಾಯಿತು. ಮೊದಲ ದಿನ ನಿಮ್ಮ ಸಂದೇಶ ಬಂದ ಕೂಡಲೇ ಅವರ ಫೋನು. "ಕಾಂತೀ, ನಿನಗೂ ಬಂತಾ?" ಎಂದರು. ಬಂತು ಎಂದೆ. ಅವರು ಅಲ್ಲಿ ಗೋದಾಮಿನ ಬಾಗಿಲಲ್ಲಿ ನಿಂತು ಅತ್ತರು. ನಾನು ಸ್ಟಾಫ್ ರೂಮಿನ ಹಿಂದೆ ನಿಂತು ಕೇಳಿಸಿಕೊಂಡೆ. ಮರುದಿನವೂ ಸಂದೇಶ ಬಂತು, ಮರುದಿನವೂ ಫೋನು. "ಇವತ್ತೂ ಬರ್ಲಿಲ್ಲಂತೆ ಅವನು" ಎನ್ನುತ್ತಿದ್ದರು. ಒಂದು ದಿನ ಸ್ವಲ್ಪ ನಕ್ಕರು. "ಎಲ್ಲಿ ತಿರುಗ್ಲಿಕ್ಕೆ ಹೋಗಿದ್ದಾನೆ ಕೇಳು" ಎಂದರು. ಮದುವೆಯಾದ ಮೇಲೆ ನಾವು ಅಷ್ಟು ದಿನ ಸಾಲಾಗಿ ಮಾತಾಡಿದ್ದು ಅದೇ ಮೊದಲು.

ನೀವು ಸಂಖ್ಯೆ ಅಳಿಸಿದ ಮೇಲೆ ಅವರ ಫೋನೂ ನಿಂತಿತು. ಈಗ ಶುಕ್ರವಾರ ಅವರಿಗೆ ರಜೆ, ಆ ದಿನ ಮಾಡುತ್ತಾರೆ. ಪಂಪಿನ ರಿಪೇರಿ ಆಯಿತೇ, ಅತ್ತೆಯ ಮಾತ್ರೆ ತಂದೆಯಾ ಎಂದು ಕೇಳುತ್ತಾರೆ. ಮಗನ ಹೆಸರು ಎತ್ತುವುದಿಲ್ಲ. ಎತ್ತಲು ನೆಪ ಬೇಕಲ್ಲ.

ನೀವು ಒಳ್ಳೆಯದಕ್ಕೇ ಮಾಡಿದ್ದು. ಆದರೆ ನನ್ನನ್ನು ಕೇಳಲಿಲ್ಲ. ಈಗ ಪುನಃ ಸುರು ಮಾಡಬೇಡಿ. ಅದು ಆಗ ತಾನಾಗಿ ಬರುತ್ತಿತ್ತು. ಈಗ ಬಂದರೆ ನೀವು ಕಳಿಸಿದ್ದು ಎಂದು ಗೊತ್ತಾಗುತ್ತದೆ.

ಕಾಂತಿ


ಮೂಡುಬಿದಿರೆ
29 ಜೂನ್ 2025

ಕಾಂತಿ ಟೀಚರಿಗೆ,

ನಿಮ್ಮ ಫೆಬ್ರವರಿಯ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಬಾರಿ ಕೂತು ಎದ್ದೆ. ಈಗ ಬರೆಯದೆ ಉಪಾಯವಿಲ್ಲ.

ಉಜಿರೆ ಕಡೆಯಿಂದ ನಮ್ಮ ಕೂಟಕ್ಕೆ ಬರುವ ಭವ್ಯಶ್ರೀ ನಿಮಗೆ ನೆನಪಿರಬಹುದು, ಮೂಲೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುವ ಹುಡುಗಿ. ಅವಳ ಶಾಲೆಯಲ್ಲಿ ಆರನೇ ತರಗತಿಯ ಅನಿಷಾ ಎಂಬ ಮಗು ಈ ತಿಂಗಳು ರಸ್ತೆ ದಾಟುವಾಗ ಪಿಕಪ್ ಬಡಿದು ತೀರಿಕೊಂಡಿತು. ಅಲ್ಲಿಯೂ ಅದೇ ವ್ಯವಸ್ಥೆ, ಅದೇ ಖಾಲಿ ಜಾಗ, ಅದೇ ಸಂದೇಶ. ತಾಯಿ ವಿಜೇತಾ ಎಂಬವರು ಮರುದಿನ ಮನೆಯಲ್ಲಿ ಉಟ್ಟಿದ್ದ ಬಟ್ಟೆಯಲ್ಲೇ ಬಸ್ಸು ಹತ್ತಿ ಶಾಲೆಗೆ ಬಂದರಂತೆ. ಆಫೀಸಿನಲ್ಲಿ ಫೋನು ತೋರಿಸಿ, "ಕಾರಣ ತಿಳಿಸಿ ಅಂತ ಬರೆದಿದ್ದೀರಲ್ಲ, ಹೇಳ್ಲಿಕ್ಕೆ ಬಂದೆ" ಎಂದರಂತೆ.

ಭವ್ಯಶ್ರೀ ಆ ಹೊತ್ತಿಗೆ ಅಲ್ಲೇ ಇದ್ದಳು. ಈಗ ಆಡಳಿತ ಮಂಡಳಿಯವರು ಅವಳನ್ನು ತೆಗೆಯುವ ಮಾತಾಡುತ್ತಿದ್ದಾರೆ. ಅವಳ ಕೆಲಸ ಕಾಯಂ ಅಲ್ಲ, ತೆಗೆಯಲು ಒಂದು ಸಾಲು ಸಾಕು. ಅವಳೂ ತಾನಾಗಿ ಬಿಟ್ಟುಹೋಗುತ್ತೇನೆ ಎನ್ನುತ್ತಿದ್ದಾಳೆ. ರವೂಫರ ಫೋನು ಎತ್ತುವುದಿಲ್ಲ, ನನ್ನದೂ ಇಲ್ಲ.

ನಾನು ಡಿಸೆಂಬರಿನಲ್ಲಿ ಹಲ್ಲಿಯ ಬದಲು ನಮ್ಮ ಶಾಲೆಯಲ್ಲಾದುದನ್ನು ಹೇಳಿದ್ದರೆ ಅವಳು ತನ್ನ ಶಾಲೆಗೆ ಹೋಗಿ ಅದನ್ನು ಸರಿಪಡಿಸುತ್ತಿದ್ದಳು. ನಿಮ್ಮ ಮೇಲೆ ಹಾಕುತ್ತಿಲ್ಲ. ಬೇಡವೆಂದು ನೀವು ಹೇಳಿದ್ದು ಸರಿಯೇ. ಆದರೆ ಕೂಟ ಇದ್ದದ್ದೇ ಇಂಥದ್ದಕ್ಕೆ, ಇಂಥದ್ದೇ ಅಲ್ಲಿ ಹೇಳದೆ ಹೋಯಿತು. ಇನ್ನು ಪುಂಜಾಲಕಟ್ಟೆಗೆ ಹೋಗಿ ಬನ್ಸ್ ತಿಂದು ಬರುವುದರಲ್ಲಿ ಅರ್ಥವಿಲ್ಲ, ಮುಚ್ಚುವ ಎಂದು ರವೂಫರೂ ಹೇಳುತ್ತಿದ್ದಾರೆ.

ನೀವು ಭವ್ಯಶ್ರೀಗೆ ಒಂದು ಕಾಗದ ಬರೆಯುತ್ತೀರಾ? ನೀವು ಬರೆದರೆ ಅವಳು ಓದಿಯಾಳು.

ಇಂತು,
ಜಿನೇಶ್


ವಾಮದಪದವು
13 ಜುಲೈ 2025

ಜಿನೇಶ್ ಮಾಸ್ಟ್ರೇ,

ನಿನ್ನೆ ಎರಡನೇ ಶನಿವಾರ ನಿಮ್ಮನ್ನು ಪೋಷಕರ ಸಭೆಗೆಂದು ಶಾಲೆಯಲ್ಲೇ ಉಳಿಸಿಕೊಂಡರಂತೆ. ಹಾಗಾಗಿ ನಡೆದದ್ದನ್ನು ನಾನೇ ಬರೆಯುತ್ತೇನೆ.

ಕಾಗದ ಬರೆಯಲು ಕೂತೆ, ಆಗಲಿಲ್ಲ. ಹೋದ ಆದಿತ್ಯವಾರ ಬಸ್ಸು ಹತ್ತಿ ಭವ್ಯಶ್ರೀಯ ಮನೆಗೇ ಹೋದೆ. ಅವಳ ಅಮ್ಮ ಬಾಗಿಲು ತೆರೆದರು. ಅವಳು ನನ್ನನ್ನು ನೋಡಿ ಅತ್ತಳು, ನಾನು ಪಕ್ಕದಲ್ಲಿ ಕೂತೆ. ಆಮೇಲೆ, "ಆ ತಾಯಿಯನ್ನು ನೋಡಿ ಬರುವ, ನಡಿ" ಎಂದೆ. ಬರುವುದಿಲ್ಲ ಎಂದಳು. "ನನ್ನ ಮನೆಗೆ ಶಾಲೆಯಿಂದ ಯಾರೂ ಕೇಳ್ಲಿಕ್ಕೆ ಬರ್ಲಿಲ್ಲ ಮಾರಾಯ್ತಿ, ನೀನಾದ್ರೂ ಹೋಗು" ಎಂದಾಗ ಚಪ್ಪಲಿ ಹಾಕಿದಳು.

ವಿಜೇತಾ ಅವರ ಮನೆಯಲ್ಲಿ ಮಗುವಿನ ಶಾಲೆಯ ಚೀಲ ಇನ್ನೂ ಮೊಳೆಗೆ ತೂಗುತ್ತಿತ್ತು. ನಾನು ಯಾರೆಂದು ಹೇಳಿದೆ, ನನಗೂ ಆ ಸಂದೇಶ ಬರುತ್ತಿತ್ತೆಂದು ಹೇಳಿದೆ. ಭವ್ಯಶ್ರೀ ತಲೆ ತಗ್ಗಿಸಿಯೇ, "ಅಕ್ಕಾ, ಅದನ್ನು ನಿಲ್ಲಿಸ್ಬೇಕಾ ಬೇಡ್ವಾ, ನೀವೇ ಹೇಳಿ" ಎಂದು ಕೇಳಿದಳು.

"ನಿಲ್ಲಿಸಿ. ಫೋನು ಕೂಗಿದ್ರೆ ಎದೆ ಒಡೀತದೆ" ಎಂದರು ಅವರು. "ಆದ್ರೆ ಹಾಜರಿ ಪುಸ್ತಕದಲ್ಲಿ ಹೆಸರು ಉಂಟಲ್ಲ, ಅದು ಈ ವರ್ಷ ಮುಗಿಯುವ ತನಕ ಇರ್ಲಿ. ಗೆರೆ ಎಳೀಬೇಡಿ."

ನನ್ನನ್ನು ಕೇಳಿದ್ದರೆ ನಾನು ಇದಕ್ಕೆ ಉಲ್ಟಾ ಹೇಳುತ್ತಿದ್ದೆ. ಹೆಸರಿಗೆ ಗೆರೆ ಎಳೆಯಿರಿ, ಸಂದೇಶ ಬರಲಿ ಎನ್ನುತ್ತಿದ್ದೆನೋ ಏನೋ. ಇಬ್ಬರೂ ತಾಯಂದಿರೇ. ಹೊರಡುವಾಗ ಅವರು ಭವ್ಯಶ್ರೀಗೆ, "ನಿನ್ನನ್ನು ತೆಗೀತಾರಂತೆ ಹೌದಾ? ಮನೆಗೆ ಬಂದು ಕೇಳಿದ್ದು ನೀನೊಬ್ಳೇ. ಹೆಡ್‌ಮಾಸ್ಟ್ರಲ್ಲಿ ನಾನು ಮಾತಾಡ್ತೇನೆ" ಎಂದರು. ಮಾತಾಡಿದ್ದಾರೆ. ಸದ್ಯಕ್ಕೆ ಅವಳ ಕೆಲಸಕ್ಕೆ ತೊಂದರೆ ಇಲ್ಲ.

ನಿನ್ನೆ ಪುಂಜಾಲಕಟ್ಟೆಗೆ ಇಬ್ಬರೂ ಹೋದೆವು. ನನ್ನ ಕುರ್ಚಿಯಲ್ಲಿ ಯಾರೋ ಹೊಸಬರು ಕೂತಿದ್ದರು, ಒಳ್ಳೆಯದಾಯಿತು. ನಿಂತೇ ಹೇಳಿದೆ. ಮೌನ ಪ್ರಾರ್ಥನೆಯಿಂದ ಸುರು ಮಾಡಿ ನೀವು ಸಂಖ್ಯೆ ಅಳಿಸಿದ ತನಕ ಎಲ್ಲ ಹೇಳಿದೆ. ಯಾರೂ ಯಾಕೆ ಎನ್ನಲಿಲ್ಲ. ರವೂಫರು ಚಾದ ಲೋಟ ಕೆಳಗಿಟ್ಟು, "ಮತ್ತೆ ಎಂತಾಯ್ತು ಟೀಚರ್?" ಎಂದರು.

ಆ ಪ್ರಶ್ನೆಯನ್ನು ಹುಟ್ಟಿಸಿದವಳು ನಾನೇ. ನನ್ನನ್ನೇ ಕೇಳುತ್ತಾರೆ ಎಂದು ಎಣಿಸಿರಲಿಲ್ಲ. "ಮತ್ತೆ ಭೋಜರು ಫೋನ್ ಮಾಡ್ಲಿಲ್ಲ" ಎಂದೆ. ಫಾಯಿಝಾ ನನ್ನನ್ನು ಕೂರಿಸಿದರು.

ಒಂದು ನಿರ್ಧಾರ ಮಾಡಿದ್ದೇವೆ. ಮೂರೂ ತಾಲೂಕಿನ ನಮ್ಮ ಶಾಲೆಗಳಲ್ಲಿ ಖಾಲಿ ಬಿಟ್ಟ ಜಾಗ ಇನ್ನು ಗೈರು ಅಲ್ಲ. ಯಾವ ಮಗುವಾದರೂ ತೀರಿಕೊಂಡರೆ ಸಂದೇಶ ಆ ದಿನವೇ ತಡೆಯಬೇಕು, ಆದರೆ ಏನನ್ನೂ ಅಳಿಸಬಾರದು. ಕೂಟದಿಂದ ಇಬ್ಬರು ಆ ಮನೆಗೆ ಹೋಗಿ ಕೇಳಬೇಕು. ಏನು ಉಳಿಯಬೇಕು, ಏನು ಹೋಗಬೇಕು ಎಂದು ಮನೆಯವರು ಹೇಳಿದ ಮೇಲೆಯೇ ಕಂಪ್ಯೂಟರ್ ಮುಟ್ಟುವುದು. ಬೇಡವೆಂದು ನಾನು ನಿಮ್ಮ ಬಾಯಿ ಕಟ್ಟಿದ್ದಕ್ಕೆ ವಿಜೇತಾ ಅವರು ಆ ಬಸ್ಸು ಹತ್ತಬೇಕಾಯಿತು. ಅದು ನನಗೆ ಗೊತ್ತು, ನೀವು ಬರೆಯದಿದ್ದರೂ.

ಸಂಘ ಮಾಡುವ ಮಾತು ಪುನಃ ಬಂತು. ಆಗಲಿ, ಬ್ಯಾನರ್ ಮಾತ್ರ ಬೇಡ ಎಂದು ಭವ್ಯಶ್ರೀ ಹೇಳಿದಳು. ಅವಳು ಕೂಟದಲ್ಲಿ ಬಾಯಿ ತೆರೆದದ್ದು ನಾನು ನೋಡಿದ್ದು ಇದೇ ಮೊದಲು.

ಕಾಂತಿ


ಮೂಡುಬಿದಿರೆ
20 ಜುಲೈ 2025

ಕಾಂತಿ ಟೀಚರಿಗೆ,

ನಿಮ್ಮ ಕಾಗದವನ್ನು ಲ್ಯಾಬಿನಲ್ಲಿ ಬಾಗಿಲು ಹಾಕಿ ಓದಿದೆ.

ನಿಯಮ ಹಿಂದಿನದಕ್ಕೂ ಅನ್ವಯಿಸುತ್ತದೆ ಎಂದು ನಾನು ತಿಳಿದುಕೊಂಡಿದ್ದೇನೆ. ಬರುವ ಆದಿತ್ಯವಾರ ನಾನೂ ರವೂಫರೂ ನಿಮ್ಮ ಮನೆಗೆ ಬರುತ್ತೇವೆ. ಒಂಬತ್ತು ತಿಂಗಳು ತಡವಾಗಿದೆ. ಊಟಕ್ಕೆ ಏನೂ ಮಾಡಬೇಡಿ. ಒಂದು ಪ್ರಶ್ನೆ ಕೇಳಿ ಹೋಗುತ್ತೇವೆ.

ಇಂತು,
ಜಿನೇಶ್


ವಾಮದಪದವು
3 ಆಗಸ್ಟ್ 2025

ಜಿನೇಶ್ ಮಾಸ್ಟ್ರೇ,

ನೀವಿಬ್ಬರೂ ಬಂದ ದಿನ ನಾನು ಉತ್ತರ ಕೊಡಲಿಲ್ಲ. ನೀವು ಕೇಳಿದಿರಿ, ನಾನು ಚಾಕ್ಕೆ ನೀರಿಟ್ಟೆ. ರವೂಫರು ಗೋಡೆಯ ಫೋಟೋ ನೋಡುತ್ತಾ ಕೂತರು. ನೀವು ಇನ್ನೊಮ್ಮೆ ಕೇಳಲಿಲ್ಲ, ಅದು ಉಪಕಾರವಾಯಿತು. ಶುಕ್ರವಾರ ಭೋಜರಲ್ಲಿ ಹೇಳಿದೆ, ಹೀಗೆ ಹೀಗೆ ಮಾಸ್ಟ್ರು ಬಂದು ಕೇಳಿದ್ದಾರೆ ಎಂದು. ಅವರು "ನೀನು ಹೇಳಿದ ಹಾಗೆ" ಎಂದರು.

ಉತ್ತರ ಇದು. ಟಿ.ಸಿ.ಯ ಅರ್ಜಿ ಈ ಕಾಗದದ ಜೊತೆ ಉಂಟು, ಸಹಿ ಹಾಕಿದ್ದೇನೆ. ಗೈರುಹಾಜರಿಯ ಸಂದೇಶ ಬೇಡ. ಅವನು ಬರುವುದಿಲ್ಲ ಎಂದು ನಮಗೆ ಈಗ ಗೊತ್ತುಂಟು.

ಆದರೆ ನೀವು ಸಂಖ್ಯೆ ಅಳಿಸಿದಾಗ ಬೇರೆಲ್ಲವೂ ಹೋಯಿತು. ಮೊದಲೆಲ್ಲ ಮಳೆಗೆ ರಜೆ ಕೊಟ್ಟರೆ ನಮಗೆ ಎರಡು ಸಂದೇಶ ಬರುತ್ತಿತ್ತು. ನಿಮ್ಮ ಶಾಲೆಯದ್ದು ಮೊದಲು, ನಮ್ಮ ಶಾಲೆಯದ್ದು ಆಮೇಲೆ. ತರುಣ್ ನನ್ನ ಫೋನು ಹಿಡಿದು ಕಾಯುತ್ತಿದ್ದ. ಈ ಜೂನಿನಲ್ಲಿ ರಜೆ ಸಾರಿದ ದಿನ ಒಂದೇ ಬಂತು. ನಾನು ಇನ್ನೊಂದಕ್ಕೆ ಕಾದೆ.

ನಮ್ಮಿಬ್ಬರ ಸಂಖ್ಯೆಗಳನ್ನೂ ಎಲ್ಲಾದರೂ ಒಂದು ಕಡೆ ಸೇರಿಸಿ. ಹಳೆ ವಿದ್ಯಾರ್ಥಿಗಳೋ ಸಿಬ್ಬಂದಿಯೋ, ನಿಮಗೆ ಸರಿ ಕಂಡಲ್ಲಿ. ಮಳೆಗೆ ರಜೆ ಇದ್ದರೆ ತಿಳಿಸಿದರೆ ಸಾಕು.

ಕಾಂತಿ


18 ಆಗಸ್ಟ್ 2025, ಸಂಜೆ

ಪ್ರಿಯ ಪೋಷಕರೇ,
ಭಾರೀ ಮಳೆಯ ಮುನ್ಸೂಚನೆ ಇರುವುದರಿಂದ ನಾಳೆ ಶಾಲೆಗೆ ರಜೆ ಇರುತ್ತದೆ. ಮಕ್ಕಳನ್ನು ಹಳ್ಳ, ತೋಡುಗಳ ಬಳಿ ಬಿಡಬೇಡಿ.
ಮುಖ್ಯೋಪಾಧ್ಯಾಯರು


ವಾಮದಪದವು
19 ಆಗಸ್ಟ್ 2025

ಜಿನೇಶ್ ಮಾಸ್ಟ್ರೇ,

ನಿನ್ನೆ ಬಂತು. ನಿಮ್ಮದೇ ಮೊದಲು ಬಂತು. ನಮ್ಮನ್ನು ಪೋಷಕರ ಪಟ್ಟಿಯಲ್ಲೇ ಇಟ್ಟಿದ್ದೀರಿ, ನೋಡಿದೆ.

ಭೋಜರಿಗೂ ಹೋಗಿದೆ. ಕೂಡಲೇ ಫೋನ್ ಮಾಡಿದರು. ಸೋಮವಾರ, ಅವರ ಕೆಲಸದ ಹೊತ್ತು. "ಅಲ್ಲಿ ಮಳೆ ಜೋರುಂಟಾ?" ಎಂದು ಕೇಳಿದರು.

ಉಂಟು ಎಂದೆ. ಫೋನನ್ನು ಕಿಟಕಿಯ ಹತ್ತಿರ ಹಿಡಿದೆ. ಅವರು ಇಡಲಿಲ್ಲ, ನಾನೂ ಇಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅವನಿಗೆ ಖುಷಿಯಾಗ್ತಿತ್ತು" ಎಂದರು.

ಕಾಂತಿ